ಬಿಟ್ಟುಹೋದ ಒಂದು ಮನೆ

ಗೌರವಾನ್ವಿತ ಅಧ್ಯಕ್ಷರೇ, ನಮ್ಮ ಸಭಾಪಾಲಕರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಡಾಕ್ಟರೇ, ಚರ್ಚಿನ ಸಮಿತಿಯ ಹಿರಿಯರೇ, ಮತ್ತು ಬಾಗಿಲಿಗೆ ಹತ್ತಿರದ ಕುರ್ಚಿಗಳನ್ನು ಮೊದಲೇ ಹಿಡಿದು ಕುಳಿತಿರುವ ಅನುಭವಸ್ಥ ಸಭಿಕರೇ,

ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಹೆರಿಗೆ ವಾರ್ಡಿನಲ್ಲಿ ಮೂವತ್ತೈದು ವರ್ಷ ನರ್ಸ್ ಆಗಿದ್ದವಳು ನಾನು. ಅಲ್ಲಿ ನಾನು ಹೆಚ್ಚಾಗಿ ಆಡಿದ ಮಾತು ಎರಡೇ: 'ಉಸಿರು ಬಿಡಿ' ಮತ್ತು 'ಇನ್ನೊಂದು ಸ್ವಲ್ಪ'. ಇವೆರಡೂ ಇವತ್ತು ನಿಮಗೂ ಉಪಯೋಗಕ್ಕೆ ಬರಬಹುದು.

ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದೇನೆ. ಅದರಲ್ಲಿ ಮೊದಲು ಇರುವುದು ಕೃತಜ್ಞತೆ. ನನಗೆ ಒಂದು ಗೋಡೆ ಗಡಿಯಾರ ಕೊಟ್ಟಿದ್ದೀರಿ. ಯಾರ ಮನೆಯಲ್ಲೂ ಅರ್ಧ ಗಂಟೆಗಿಂತ ಹೆಚ್ಚು ಕೂರದವಳಿಗೆ ಗಡಿಯಾರವನ್ನೇ ಕೊಡಬೇಕೆಂದು ಯೋಚಿಸಿದವರು ಯಾರೋ ಗೊತ್ತಿಲ್ಲ, ಅವರಿಗೆ ನನ್ನ ಮೆಚ್ಚುಗೆ. ಜೊತೆಗೆ ಚೌಕಟ್ಟು ಹಾಕಿದ ಈ ಅಭಿನಂದನಾ ಪತ್ರ. ಸಭಾಪಾಲಕರು ಅದನ್ನು ಓದಿದಾಗ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. 'ಇಪ್ಪತ್ತೆಂಟು ವರ್ಷಗಳ ಕಾಲ, ಮುನ್ನೂರ ಹನ್ನೆರಡು ಮಕ್ಕಳ ಮನೆಗಳಿಗೆ, ಒಂದು ಮನೆಯನ್ನೂ ಬಿಡದೆ ಭೇಟಿ ನೀಡಿದ' ಎಂದಿದೆ ಅದರಲ್ಲಿ.

ಈ ಪತ್ರದಲ್ಲಿ ಒಂದು ತಪ್ಪಿದೆ.

ಹುಟ್ಟಿದ ಮಗುವಿನ ಕೈಗೆ ಕಟ್ಟುವ ಪಟ್ಟಿಯಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಬಿಚ್ಚಿ ಬೇರೆ ಕಟ್ಟುತ್ತಿದ್ದವಳು ನಾನು. ತಪ್ಪಿಗೆ ಗಾಜು ಹಾಕಿ ಗೋಡೆಗೆ ತೂಗುಹಾಕಿಕೊಳ್ಳುವುದು ನನ್ನಿಂದ ಆಗದು. ಒಂದು ಮನೆ ಬಿಟ್ಟುಹೋಗಿದೆ. ಅದು ಯಾವುದೆಂದು ಹೇಳಿ ಕುಳಿತುಕೊಳ್ಳುತ್ತೇನೆ.

ಡಾಕ್ಟರು ಹೊರಗಿನವರಾದ್ದರಿಂದ ಅವರಿಗೋಸ್ಕರ ಎರಡು ಮಾತು. ನಮ್ಮ ಚರ್ಚಿನಲ್ಲಿ ಹಸುಗೂಸುಗಳಿಗೆ ದೀಕ್ಷಾಸ್ನಾನ ಕೊಡುತ್ತೇವೆ. ತಂದೆ ತಾಯಿ ಮಗುವನ್ನು ಎತ್ತಿಕೊಂಡು ಕಲ್ಲಿನ ಬೋಗುಣಿಯ ಮುಂದೆ ನಿಲ್ಲುತ್ತಾರೆ. ಸಭಾಪಾಲಕರು ಮೂರು ಸಲ ಮಗುವಿನ ತಲೆಗೆ ನೀರು ಹಾಕುತ್ತಾರೆ. ಮಗು ಅಳುತ್ತದೆ, ಅಜ್ಜಿಯರು ಅಳುತ್ತಾರೆ, ಫೋಟೋ ತೆಗೆಯುವವನು 'ಇನ್ನೊಂದ್ಸಲ ಹಾಕಿ ಪಾಸ್ಟರ್, ಸರಿಯಾಗಿ ಬರ್ಲಿಲ್ಲ' ಎನ್ನುತ್ತಾನೆ. ಇದು ಎಲ್ಲರಿಗೂ ನೆನಪಿರುವ ಭಾಗ. ಯಾರಿಗೂ ನೆನಪಿಲ್ಲದ ಭಾಗ ಅದರ ನಂತರದ್ದು. ಸಭಾಪಾಲಕರು ನಮ್ಮ ಕಡೆ ತಿರುಗಿ ಕೇಳುತ್ತಾರೆ: 'ಈ ಮಗುವಿಗೂ ಈ ಕುಟುಂಬಕ್ಕೂ ನಂಬಿಕೆಯ ದಾರಿಯಲ್ಲಿ ನೀವು ಜೊತೆಯಾಗಿರುವಿರಾ?' ನಾವೆಲ್ಲ ಎದ್ದು ನಿಂತು 'ದೇವರ ಸಹಾಯದಿಂದ ಇರುವೆವು' ಎನ್ನುತ್ತೇವೆ. ಆಮೇಲೆ ಕುಳಿತುಕೊಳ್ಳುತ್ತೇವೆ. ನಮ್ಮಲ್ಲಿ ಹೆಚ್ಚಿನವರು ಅಂದು ಕುಳಿತವರು ಆ ವಿಷಯದಲ್ಲಿ ಮತ್ತೆ ಏಳುವುದಿಲ್ಲ.

ಆ ಮಾತನ್ನು ಉಳಿಸಿಕೊಳ್ಳಲೆಂದೇ ಹಿಂದಿನವರು ತೊಟ್ಟಿಲ ಪಟ್ಟಿ ಎಂಬುದನ್ನು ಮಾಡಿದರು. ಚರ್ಚಿನ ಒಳಬಾಗಿಲ ಪಕ್ಕ ಒಂದು ಮರದ ಹಲಗೆ, ಅದರ ತುಂಬ ಸಣ್ಣ ಕೊಕ್ಕೆಗಳು, ಒಂದೊಂದು ಕೊಕ್ಕೆಗೂ ಒಂದು ಮಗುವಿನ ಹೆಸರಿನ ಚೀಟಿ. ಪ್ರತಿ ವರ್ಷ ಆ ಮಗುವಿನ ದೀಕ್ಷಾಸ್ನಾನದ ದಿನ ಸಭೆಯ ಪರವಾಗಿ ಒಬ್ಬರು ಒಂದು ಮೇಣದಬತ್ತಿ ತೆಗೆದುಕೊಂಡು ಆ ಮನೆಗೆ ಹೋಗಬೇಕು. ಐದು ವರ್ಷ ಹೀಗೆ. ಆಮೇಲೆ ಮಗು ಸಂಡೇ ಸ್ಕೂಲಿಗೆ ಸೇರುತ್ತದೆ, ಚೀಟಿ ಹಲಗೆಯಿಂದ ಇಳಿಯುತ್ತದೆ. ನನಗಿಂತ ಮೊದಲು ಈ ಕೆಲಸ ಮಾಡುತ್ತಿದ್ದವರನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಿದ್ದರು. ಮೊಣಕಾಲು ಸೋತು ಅವರು ಹಲಗೆಯನ್ನು ನನಗೆ ವಹಿಸಿದ ದಿನ ನಾಲ್ಕು ನಿಯಮ ಹೇಳಿಕೊಟ್ಟರು.

'ನೋಡಮ್ಮ, ಅವರು ಎಲ್ಲಿ ಕೂರಿಸ್ತಾರೋ ಅಲ್ಲೇ ಕೂತ್ಕೋ. ಅರ್ಧ ಗಂಟೆಗೆ ಎದ್ದುಬಿಡು. ಒಂದು ಮನೆ ಮಾತು ಇನ್ನೊಂದು ಮನೆಗೆ ತಗೊಂಡು ಹೋಗ್ಬೇಡ. ಚರ್ಚಿಗೆ ಯಾಕೆ ಬರ್ತಿಲ್ಲ ಅಂತ ಮಾತ್ರ ಯಾವತ್ತೂ ಕೇಳ್ಬೇಡ.'

'ಕೇಳ್ದೆ ಇದ್ರೆ ಅವರು ಬರೋದು ಹೇಗೆ ಟೀಚರ್?'

'ಕೇಳಿದ್ರೆ ಬರ್ತಾರಾ? ಕೇಳಿದ್ರೆ ನೀನು ಮತ್ತೆ ಹೋಗೋಕಾಗಲ್ಲ, ಅಷ್ಟೇ.'

ಈ ನಿಯಮಗಳಿಂದ ಎಷ್ಟೋ ಬಾಗಿಲುಗಳು ನನಗೆ ತೆರೆದವು. ಒಂದು ಮನೆಯಲ್ಲಿ ನಾನು ಬಂದೆನೆಂದು ತಿಳಿದು ಮಗುವಿನ ತಂದೆ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡರು. ಅರ್ಧ ಗಂಟೆ ನಲ್ಲಿ ಬಿಟ್ಟ ಸದ್ದು ಕೇಳುತ್ತಿತ್ತು. ಮರುವರ್ಷವೂ ಹಾಗೆಯೇ. ಮೂರನೆಯ ವರ್ಷ ಬಚ್ಚಲಿನ ಒಳಗಿಂದಲೇ 'ಸಿಸ್ಟರ್, ಟೀ ಕುಡ್ಕೊಂಡು ಹೋಗಿ' ಎಂದರು. ನಾಲ್ಕನೆಯ ವರ್ಷ ಹೊರಗೆ ಬಂದರು. ಅವರೇ ಈಗ ನಮ್ಮ ಸಮಿತಿಯ ಕಾರ್ಯದರ್ಶಿಗಳು. ನಗಬೇಡಿ, ಅವರ ಅನುಮತಿ ಪಡೆದೇ ಹೇಳುತ್ತಿದ್ದೇನೆ. ನೀರಿನ ಬಿಲ್ಲಿನ ವಿಷಯ ಎತ್ತಬಾರದು ಎಂಬುದೊಂದೇ ಅವರ ಷರತ್ತಾಗಿತ್ತು.

ಇನ್ನೊಂದು ಮನೆಯಲ್ಲಿ, ಮೂರನೆಯ ಮಹಡಿ, ತಾಯಿ ಬಾಗಿಲು ತೆರೆದವಳೇ 'ನನಗೀಗ ಯಾವ ದೇವರ ಮೇಲೂ ನಂಬಿಕೆ ಇಲ್ಲ ಸಿಸ್ಟರ್, ನೀವು ಸುಮ್ನೆ ಮೆಟ್ಟಿಲು ಹತ್ತಿದ್ರಿ' ಎಂದಳು. ಅವಳು ಎರಡು ದಿನದಿಂದ ತಲೆ ಬಾಚಿರಲಿಲ್ಲ. ಸಿಂಕಿನಲ್ಲಿ ಏಳು ಹಾಲಿನ ಬಾಟಲಿಗಳಿದ್ದವು. ನಾನು ಅವನ್ನು ತೊಳೆದೆ. ಏಳು ಬಾಟಲಿ, ಏಳು ಮುಚ್ಚಳ, ಏಳು ನಿಪ್ಪಲ್. ಅರ್ಧ ಗಂಟೆ ಆಯಿತು, ಬಂದೆ. ಪ್ರಾರ್ಥನೆ ಮಾಡಿದೆನೇ? ಇಲ್ಲ. ಅಥವಾ ಅದೇ ಪ್ರಾರ್ಥನೆಯೋ ಏನೋ, ಸಭಾಪಾಲಕರು ಹೇಳಬೇಕು. ಆ ತಾಯಿ ಇವತ್ತಿಗೂ ಚರ್ಚಿಗೆ ಬರುವುದಿಲ್ಲ. ಅವಳ ಮಗ ಬರುತ್ತಾನೆ. ಆರಾಧನೆ ಮುಗಿಯುವ ಹೊತ್ತಿಗೆ ಅವಳು ಗೇಟಿನ ಹೊರಗೆ ನಿಂತಿರುತ್ತಾಳೆ. ನಾನು ಹೋಗಿ ಮಾತನಾಡಿಸುತ್ತೇನೆ. ಗೇಟಿನವರೆಗೆ ಬಂದವಳನ್ನು ಒಳಗೇಕೆ ಬರಲಿಲ್ಲ ಎಂದು ಕೇಳಿದ್ದೇನೆಯೇ? ಒಂದು ಸಲವೂ ಇಲ್ಲ.

ಹೀಗೆ ಮುನ್ನೂರ ಹನ್ನೊಂದು ಮನೆಗಳಲ್ಲಿ ನಾನು ಆ ಪ್ರಶ್ನೆಯನ್ನು ಕೇಳಲಿಲ್ಲ. ಉಳಿದ ಒಂದು ಮನೆಗೆ ನಾನು ಹೋಗಲೇ ಇಲ್ಲ.

ಆ ಒಂದು ಮಗು ನನ್ನ ಮಗಳು.

ಅವಳಿಗೂ ಇದೇ ಚರ್ಚಿನಲ್ಲಿ ದೀಕ್ಷಾಸ್ನಾನವಾಯಿತು. ಮೊದಲೆರಡು ವರ್ಷ ದೊಡ್ಡ ಟೀಚರ್ ಮೇಣದಬತ್ತಿ ಹಿಡಿದು ನಮ್ಮ ಮನೆಗೆ ಬಂದರು. ಆಮೇಲೆ ಹಲಗೆ ನನ್ನ ಕೈಗೆ ಬಂತು. ಮಗಳ ಚೀಟಿ ಇನ್ನೂ ಮೂರು ವರ್ಷ ಕೊಕ್ಕೆಯಲ್ಲೇ ಇತ್ತು. ಆದರೆ ಮನೆಮನೆಗೆ ಹೋಗುವವಳ ಮನೆಗೆ ಹೋಗುವವರು ಯಾರು? ಯಾರಿಗೂ ಅದು ಹೊಳೆಯಲಿಲ್ಲ. 'ಆ ಮಗುವಿಗೇನು, ತಾಯಿಯೇ ಇದ್ದಾಳಲ್ಲ' ಎಂದು ನೀವು ಅಂದುಕೊಂಡಿರಿ. ನಾನೂ ಹಾಗೆಯೇ ಅಂದುಕೊಂಡೆ. ಆಕ್ಷೇಪಣೆಗೆಂದು ಇದನ್ನು ಹೇಳುತ್ತಿಲ್ಲ. ಇಷ್ಟು ಜನ ಸೇರಿ ಒಳ್ಳೆಯ ಮನಸ್ಸಿನಿಂದಲೇ ಇಂಥ ತಪ್ಪನ್ನು ಮಾಡಬಹುದು ಎನ್ನುವುದಕ್ಕೆ ಹೇಳುತ್ತಿದ್ದೇನೆ.

ಅವಳಿಗೆ ನಾಲ್ಕು ವರ್ಷ. ನಾನು ಮೇಣದಬತ್ತಿಗೆ ಬಿಳಿ ಕಾಗದ ಸುತ್ತುವುದನ್ನು, ಚೀಲ ಹಿಡಿದು ಹೊರಡುವುದನ್ನು ವಾರಕ್ಕೊಮ್ಮೆಯಾದರೂ ನೋಡುತ್ತಿದ್ದಳು. ತನ್ನ ದಿನ ಯಾವುದೆಂದು ಅಪ್ಪನನ್ನು ಕೇಳಿ ತಿಳಿದುಕೊಂಡಿದ್ದಳು. ನನ್ನ ಗಂಡ ಒಂದು ಮುದ್ರಣಾಲಯದಲ್ಲಿ ಬೈಂಡರ್ ಆಗಿದ್ದರು. ಕೈಯಲ್ಲಿ ಯಾವಾಗಲೂ ಗೋಂದಿನ ವಾಸನೆ. ಈಗ ಆರು ವರ್ಷದಿಂದ ಅವರಿಲ್ಲ. ಆ ದಿನ ನಾನು ಡ್ಯೂಟಿ ಮುಗಿಸಿ ಬಂದು, ಬೇರೆ ಎರಡು ಮಕ್ಕಳ ಮನೆಗೂ ಹೋಗಿ ಮನೆಗೆ ಬಂದಾಗ ಸಂಜೆ ಆರು. ಒಳಗೆ ಕಾಲಿಟ್ಟವಳು ಎಡವಿದೆ. ಬಾಗಿಲ ಪಕ್ಕದಲ್ಲೇ ಊಟದ ಮೇಜಿನ ಕುರ್ಚಿಯೊಂದನ್ನು ತಂದಿಟ್ಟಿದ್ದಳು. ಅದನ್ನು ಅಲ್ಲಿಯವರೆಗೆ ಒಬ್ಬಳೇ ಎಳೆದುಕೊಂಡು ಬಂದಿದ್ದಳಂತೆ. ಕುರ್ಚಿಯ ಮೇಲೆ ಒಂದು ತಟ್ಟೆ, ತಟ್ಟೆಯಲ್ಲಿ ಎರಡು ಬಿಸ್ಕತ್ತು.

'ಇದೇನೇ, ದಾರೀಲಿ ಕುರ್ಚಿ?'

'ಇವತ್ತು ನನ್ನ ದಿನ ಅಲ್ವಾಮ್ಮ? ನಮ್ಮನೆಗೆ ಯಾವಾಗ ಬರ್ತೀಯಾ?'

'ಬಂದಿದೀನಲ್ಲ!'

'ಹಾಗಲ್ಲ. ನಮ್ಮನೆಗೆ ಬರೋದು.'

ನನ್ನ ಗಂಡ ಅಡುಗೆಮನೆಯಿಂದ ಇಣುಕಿ, 'ಹೋಗೇ ಮಾರಾಯ್ತಿ, ಹೊರಗೆ ಹೋಗಿ ಬಾಗಿಲು ತಟ್ಟಿಕೊಂಡು ಬಾ. ನಿಂಗೇನು ಕಷ್ಟ?' ಎಂದರು. ನಾನು ಏನು ಹೇಳಿದೆ ಗೊತ್ತೇ? 'ನಾಟಕ ಆಡೋಕೆ ನಂಗೆ ಪುರುಸೊತ್ತಿಲ್ಲ, ಕಾಲು ಬಿದ್ದುಹೋಗ್ತಿದೆ' ಎಂದು ಹೇಳಿ ಆ ಕುರ್ಚಿಯ ಮೇಲಿನ ತಟ್ಟೆಯನ್ನು ಎತ್ತಿಟ್ಟು, ಅದರ ಮೇಲೇ ಕುಳಿತು ಶೂ ಬಿಚ್ಚಿದೆ. ಎರಡು ಬಿಸ್ಕತ್ತನ್ನೂ ಅವಳೇ ತಿಂದಳು. ಮರುವರ್ಷ ಅವಳು ಕುರ್ಚಿ ಇಡಲಿಲ್ಲ.

ಇದು ನನ್ನ ಹಾಳೆಯಲ್ಲಿ ಇಲ್ಲ. ಹಾಳೆಯಲ್ಲಿ ಇರುವುದು 'ನನ್ನ ಕಾಲದಲ್ಲಿ ನನ್ನ ಸ್ವಂತ ಮಗಳ ಮನೆಗೆ ಸಭೆಯ ಪರವಾಗಿ ಯಾರೂ ಹೋಗಿಲ್ಲ, ಪತ್ರವನ್ನು ತಿದ್ದಬೇಕು' ಎಂಬ ಒಂದು ವಾಕ್ಯ. ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಆದರೆ ಸಭಾಪಾಲಕರು ನನ್ನನ್ನು ಪರಿಚಯಿಸುವಾಗ 'ಆದರ್ಶ ತಾಯಿ, ಈಗ ಆದರ್ಶ ಅಜ್ಜಿ' ಎಂದರು. ಅದನ್ನೂ ತಿದ್ದಬೇಕಾಗಿದೆ. ಇನ್ನೊಂದು ಸ್ವಲ್ಪ.

ನನ್ನ ಮಗಳು ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುವ ಕೆಲಸ ಮಾಡುತ್ತಾಳೆ. 'ಈಗ ಚೆನ್ನಾಗಿ ಕಾಣುತ್ತಾ, ಈಗ ಕಾಣುತ್ತಾ' ಎಂದು ದಿನವೆಲ್ಲ ಕೇಳುವ ಕೆಲಸ. ಕಾಣದ್ದನ್ನು ಕಂಡೆ ಎಂದರೆ ಅವಳಿಗೆ ಆಗದು. ಕಳೆದ ವರ್ಷ ಅವಳಿಗೆ ಹೆಣ್ಣು ಮಗು ಹುಟ್ಟಿತು. ದೀಕ್ಷಾಸ್ನಾನ ಯಾವಾಗ ಎಂದು ಕೇಳಿದೆ. ನಿಯಮ ಮುರಿದದ್ದು ಅಂದಿನಿಂದ. ತಿಂಗಳಿಗೊಮ್ಮೆ ಕೇಳಿದೆ, ಆಮೇಲೆ ವಾರಕ್ಕೊಮ್ಮೆ ಕೇಳಿದೆ.

'ಅಲ್ಲಿ ಎಲ್ಲರ ಮುಂದೆ ನಿಂತು ಮಾತು ಕೊಡ್ಬೇಕಲ್ಲಮ್ಮ. ನನಗೆ ಅಷ್ಟು ಗಟ್ಟಿಯಾಗಿ ಗೊತ್ತಿಲ್ಲ. ಉಳಿಸ್ಕೊಳ್ಳೋಕೆ ಆಗುತ್ತೋ ಇಲ್ವೋ ಅನ್ನೋ ಮಾತನ್ನ ಹೇಗೆ ಕೊಡ್ಲಿ?'

'ಸಭೆ ಇದೆಯಲ್ಲೇ ಜೊತೆಗೆ. ಅವರೂ ಮಾತು ಕೊಡ್ತಾರೆ.'

'ನನಗೂ ಕೊಟ್ಟಿದ್ರಲ್ವಾ?'

ಉತ್ತರವಿಲ್ಲದವರು ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಕೋಪ ಮಾಡಿಕೊಂಡೆ.

ಇಲ್ಲಿ ನಿಮಗೆ ಒಂದು ವಿಷಯ ತಿಳಿದಿರಬೇಕು. ವಾರ್ಡಿನಲ್ಲಿ ಕೆಲವು ಕೂಸುಗಳು ಉಳಿಯುವುದಿಲ್ಲ. ಡಾಕ್ಟರಿಗೆ ಗೊತ್ತು. ಸಭಾಪಾಲಕರು ಬಂದು ಸೇರುವಷ್ಟು ಸಮಯವೂ ಇಲ್ಲದಿದ್ದಾಗ, ತಾಯಿ ತಂದೆ ಕೇಳಿಕೊಂಡರೆ, ನಂಬಿಕೆಯುಳ್ಳ ಯಾರು ಬೇಕಾದರೂ ನೀರು ಹಾಕಿ 'ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ' ಎಂಬ ಮಾತುಗಳನ್ನು ಹೇಳಬಹುದು. ಅದು ಪೂರ್ಣ ದೀಕ್ಷಾಸ್ನಾನವೇ. ಮೂವತ್ತೈದು ವರ್ಷಗಳಲ್ಲಿ ನಾನು ಹದಿನಾಲ್ಕು ಕೂಸುಗಳಿಗೆ ಹಾಗೆ ಮಾಡಿದ್ದೇನೆ. ಔಷಧಿ ಅಳೆಯುವ ಸಣ್ಣ ಗಾಜಿನ ಲೋಟದಲ್ಲಿ, ಉಗುರುಬೆಚ್ಚಗಿನ ನೀರಿನಲ್ಲಿ. ಆ ಹದಿನಾಲ್ಕು ಮುಖಗಳೂ ನನಗೆ ನೆನಪಿವೆ. ಅವರ ಚೀಟಿಗಳು ನಮ್ಮ ಹಲಗೆಯ ಮೇಲೆ ಬರಲಿಲ್ಲ. ಆದರೂ ಅವರವರ ದಿನ ಅವರ ತಾಯಂದಿರ ಮನೆಗೆ ಹೋಗಿ ಬಂದಿದ್ದೇನೆ.

ಮಗಳು ಕೆಲಸಕ್ಕೆ ಮರಳಿದ ಮೇಲೆ ಪ್ರತಿ ಮಂಗಳವಾರ ಮೊಮ್ಮಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಮಗುವಿಗೆ ಆಗ ಐದು ತಿಂಗಳು. ಒಂದು ಮಂಗಳವಾರ ಮಧ್ಯಾಹ್ನ ಅಡುಗೆಮನೆಯ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಟಬ್ ಇಟ್ಟು ಅದಕ್ಕೆ ಸ್ನಾನ ಮಾಡಿಸುತ್ತಿದ್ದೆ. ಎಡಗೈಯಲ್ಲಿ ಅದರ ಕುತ್ತಿಗೆ, ಬಲಗೈಯಲ್ಲಿ ನೀರು. ಮಗು ನನ್ನನ್ನೇ ನೋಡುತ್ತಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನನ್ನ ಅಂಗೈ ಹೇಗೆ ಬಟ್ಟಲಾಯಿತೋ, ಅದು ಮಗುವಿನ ಹಣೆಯ ಮೇಲಕ್ಕೆ ಹೇಗೆ ಬಂತೋ ನಾನು ಹೇಳಲಾರೆ. ಇಲ್ಲ, ಹೇಳಬಲ್ಲೆ. ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗಲೇ ಯೋಚಿಸಿದ್ದೆ. 'ತಂದೆಯ' ಎಂದು ಶುರು ಮಾಡಿದೆ. ಅಷ್ಟರಲ್ಲಿ ಹಿಂದಿನಿಂದ ಚೀಲ ಕೆಳಗಿಟ್ಟ ಸದ್ದು. ಮಗಳು ಅಂದು ಬೇಗ ಬಂದಿದ್ದಳು.

ಅವಳು ಕಿರುಚಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದಳು: 'ಅಮ್ಮಾ, ಆಸ್ಪತ್ರೆಯಲ್ಲಿ ಸಾಯೋ ಮಕ್ಕಳಿಗೆ ತಾನೇ ನೀನು ಹೀಗೆ ಮಾಡ್ತಿದ್ದಿದ್ದು? ನನ್ನ ಮಗು ಸಾಯ್ತಾ ಇದೆಯಾ?'

ಸಭಾಪಾಲಕರು ಗಾಬರಿಯಾಗಬಾರದು. ನೀರು ನನ್ನ ಬೆರಳ ಸಂದಿಯಿಂದ ಟಬ್ಬಿಗೇ ಹೋಯಿತು. ದೀಕ್ಷಾಸ್ನಾನ ಆಗಲಿಲ್ಲ. ನಮ್ಮಲ್ಲಿ ಅದು ಒಂದೇ ಸಲ ಆಗುವಂಥದ್ದು, ಎರಡನೆಯ ಸಲ ಇಲ್ಲ. ಇನ್ನೊಂದು ಕ್ಷಣ ಕಳೆದಿದ್ದರೆ, ನನ್ನ ಮಗಳು ಎಂದಾದರೂ ತಾನಾಗಿ ತನ್ನ ಮಗುವನ್ನು ಎತ್ತಿಕೊಂಡು ಆ ಕಲ್ಲಿನ ಬೋಗುಣಿಯ ಮುಂದೆ ನಿಲ್ಲಬಹುದಾದ ದಿನವನ್ನು ನಾನು ಅವಳಿಂದ ಕದ್ದುಬಿಟ್ಟಿರುತ್ತಿದ್ದೆ. ಮತ್ತು ಆ ಅಡುಗೆಮನೆಯಲ್ಲಿ 'ದೇವರ ಸಹಾಯದಿಂದ ಇರುವೆವು' ಎನ್ನಲು ಯಾರಿದ್ದರು? ಟಬ್ಬು, ಸೋಪು, ನಾನು.

ಮಗಳು ಮಗುವನ್ನು ಟವಲಿನಲ್ಲಿ ಸುತ್ತಿಕೊಂಡಳು. 'ಮಂಗಳವಾರಕ್ಕೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ತೀನಿ' ಎಂದಳು. ಇದಾಗಿ ಹನ್ನೊಂದು ವಾರ. ಫೋನ್ ಮಾಡಿದರೆ ಎತ್ತುತ್ತಾಳೆ. ಮಗು ಚೆನ್ನಾಗಿದೆ, ಹಲ್ಲು ಬಂದಿದೆ ಎನ್ನುತ್ತಾಳೆ. ಬಾ ಎನ್ನುವುದಿಲ್ಲ.

ಇದನ್ನು ನಿಮ್ಮ ಮುಂದೆ ಹೇಳಲು ಅವಳ ಅನುಮತಿ ಕೇಳಿಲ್ಲ. ತಪ್ಪು ನನ್ನದಾದ್ದರಿಂದ ಹೇಳುವ ಹಕ್ಕೂ ನನ್ನದೆಂದು ಭಾವಿಸಿದ್ದೇನೆ. ಆದರೆ ನಿಮ್ಮಲ್ಲಿ ಯಾರೂ ಅವಳನ್ನು ದಾರಿಯಲ್ಲಿ ಕಂಡು 'ನಿಮ್ಮಮ್ಮ ಹೀಗಂದ್ರು' ಎನ್ನಬಾರದು. ಮೂರನೆಯ ನಿಯಮ.

ಈಗ ನನ್ನ ಜಾಗಕ್ಕೆ ಬರುತ್ತಿರುವವರ ಬಗ್ಗೆ. ಮಕ್ಕಳ ಮನೆಗಳಿಗೆ ಗಂಡಸನ್ನು ಕಳಿಸುವುದೇ ಎಂದು ಸಮಿತಿಯಲ್ಲಿ ಚರ್ಚೆಯಾಯಿತೆಂದು ಕೇಳಿದೆ. ಆತ ಲಿಫ್ಟ್ ಮೆಕ್ಯಾನಿಕ್, ಎಲ್ಲರ ಬಾಯಲ್ಲೂ ಲಿಫ್ಟಣ್ಣ. ಮೆಟ್ಟಿಲು ಹತ್ತಿ ಹತ್ತಿ ದೊಡ್ಡ ಟೀಚರ ಮೊಣಕಾಲೂ ಹೋಯಿತು, ನನ್ನದೂ ಹೋಯಿತು. ಇನ್ನು ಮುಂದೆ ಲಿಫ್ಟು ಕೆಟ್ಟಿದ್ದರೆ ರಿಪೇರಿ ಮಾಡಿಕೊಂಡೇ ಮೇಲೆ ಹೋಗುವವರು ಸಿಕ್ಕಿದ್ದಾರೆ. ಇದಕ್ಕಿಂತ ಒಳ್ಳೆಯ ಆಯ್ಕೆ ಉಂಟೇ?

ಅವರಿಗೆ ಹಲಗೆಯನ್ನು ವಹಿಸಿದಾಗ ಮೊದಲ ಭೇಟಿ ಯಾರ ಮನೆಗೆಂದು ನಾನೇ ಗುರುತು ಮಾಡಿಕೊಟ್ಟೆ. ಕಳೆದ ಗುರುವಾರ ನನ್ನ ಮಗಳ ದೀಕ್ಷಾಸ್ನಾನದ ದಿನ. ಮೂವತ್ತು ವರ್ಷವಾಯಿತು. ಅವಳ ಮಗುವಿನ ಚೀಟಿ ಹಲಗೆಯಲ್ಲಿಲ್ಲ, ಸರಿ. ಆದರೆ ಅವಳಿಗೆ ನೀವು ಕೊಟ್ಟ ಮಾತಿಗೆ ಐದು ವರ್ಷದ ಗಡುವಿತ್ತೇ? 'ಸಂಡೇ ಸ್ಕೂಲು ಸೇರುವ ತನಕ ಇರುವೆವು' ಎಂದಿದ್ದಿರೇ? ಮೂರನೆಯ ಸಾಲಿನಲ್ಲಿರುವ ಇಬ್ಬರು ಹಿರಿಯರು ಅಂದು ಎದ್ದು ನಿಂತವರು, ನನಗೆ ನೆನಪಿದೆ. ಹಾಗಾಗಿ ಲಿಫ್ಟಣ್ಣನಿಗೆ ಹೇಳಿದೆ: 'ಸಭೆಯ ಮಗಳೊಬ್ಬಳನ್ನು ನೋಡಲು ಹೋಗಿ. ನನ್ನ ಮಗಳೆಂದು ಹೋಗಬೇಡಿ. ನನ್ನ ಪರವಾಗಿ ಒಂದು ಮಾತೂ ಬೇಡ.'

ಅವರು ಹೋಗಿ ಬಂದರು. ಏನಾಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಇವತ್ತು ಕಾರ್ಯಕ್ರಮ ಶುರುವಾಗುವ ಮುಂಚೆ ಹೊರಗಿನ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದರು.

'ಸಿಸ್ಟರ್, ಒಂದು ಮನೆ ಮಾತು ಇನ್ನೊಂದು ಮನೆಗೆ ಒಯ್ಯಬಾರದು ಅಂದಿದ್ರಿ. ನಾಲ್ಕು ದಿನದಿಂದ ಬಾಯಿ ಕಟ್ಟಿಕೊಂಡಿದೀನಿ. ಆದ್ರೆ ಇದನ್ನ ಹೇಳಿ ಅಂತ ಅವರೇ ಹೇಳಿದ್ರೆ?'

'ಅವಳೇ ಹೇಳಿದ್ರೆ ಹೇಳಬಹುದು.'

'ಮೇಣದಬತ್ತಿ ತಗೊಂಡ್ರು. ಹಚ್ಚಲಿಲ್ಲ. ಮಗು ಕೈಗೆ ಸಿಗದ ಹಾಗೆ ಮೇಲಿನ ಶೆಲ್ಫಲ್ಲಿ ಇಟ್ರು.'

'ನಿಮ್ಮನ್ನ ಎಲ್ಲಿ ಕೂರಿಸಿದ್ಲು?'

'ಬಾಗಿಲ ಪಕ್ಕ. ಒಳಗಿಂದ ಕುರ್ಚಿ ತಂದು ಹಾಕಿದ್ರು. ಬಿಸ್ಕತ್ತು ಕೊಟ್ರು. ಅರ್ಧ ಗಂಟೆ ಆಯ್ತು ಅಂತ ಎದ್ದೆ. ಆಗ ನಕ್ಕರು. ನಮ್ಮಮ್ಮನ ಕೆಲಸ ಮುಗೀತಂತಲ್ಲ, ಇನ್ನು ಯಾರ ಮನೆಗೂ ಹೋಗೋದಿಲ್ವಂತಲ್ಲ ಅಂದ್ರು. ಹೌದು ಅಂದೆ. ಹಾಗಾದ್ರೆ ಕೇಳಿ ನೋಡಿ, ನಮ್ಮನೆಗೆ ಯಾವಾಗ ಬರ್ತಾಳಂತೆ, ಅಂದ್ರು.'

ಸಭಿಕರೇ, ನನ್ನ ಹಾಳೆಯಲ್ಲಿ ಇನ್ನೂ ಅರ್ಧ ಪುಟ ಉಳಿದಿದೆ. ಅದರಲ್ಲಿ ಸಭೆಯ ಭವಿಷ್ಯದ ಬಗ್ಗೆ ಕೆಲವು ಸಲಹೆಗಳಿವೆ. ಅವನ್ನು ಕಾರ್ಯದರ್ಶಿಗಳಿಗೆ ಕೊಡುತ್ತೇನೆ, ಬಿಡುವಾದಾಗ ಬಚ್ಚಲಿನಲ್ಲಿ ಓದಿಕೊಳ್ಳಲಿ. ಮಗಳ ಮನೆಯ ಕಡೆಗೆ ಆರೂ ನಲವತ್ತಕ್ಕೆ ಒಂದು ಬಸ್ಸಿದೆ. ನನ್ನ ಚೀಲದಲ್ಲಿ ಮೇಣದಬತ್ತಿ ಇಲ್ಲ, ಪ್ರಶ್ನೆಗಳೂ ಇಲ್ಲ. ಹೊರಗೆ ನಿಂತು ಬಾಗಿಲು ತಟ್ಟುತ್ತೇನೆ. ಎಲ್ಲಿ ಕೂರಿಸಿದರೆ ಅಲ್ಲಿ ಕೂರುತ್ತೇನೆ. ಆಮೇಲಿನ ಚಹಾಕೂಟಕ್ಕೆ ನಾನಿರುವುದಿಲ್ಲ, ಕ್ಷಮಿಸಬೇಕು.

ಅಭಿನಂದನಾ ಪತ್ರವನ್ನು ತಿದ್ದಿ ಕೊಡುವಿರೆಂದು ನಂಬಿ ಇಲ್ಲೇ ಬಿಡುತ್ತಿದ್ದೇನೆ. ಗಡಿಯಾರವನ್ನು ಬಸ್ಸಿನಲ್ಲಿ ಒಯ್ಯುವುದು ಕಷ್ಟ. ಅದೂ ಇವತ್ತು ಇಲ್ಲೇ ಇರಲಿ. ಇಷ್ಟು ಹೊತ್ತು ಯಾರೂ ಎದ್ದು ಹೋಗದೆ ಕೇಳಿದಿರಿ, ಬಾಗಿಲ ಬಳಿಯ ಅನುಭವಸ್ಥರೂ ಸೇರಿದಂತೆ. ನಿಮಗೆಲ್ಲ ನಾನು ಋಣಿ. ಮುಂದಿನ ಭಾನುವಾರ ಯಾರದೋ ಮಗುವಿಗೆ ದೀಕ್ಷಾಸ್ನಾನವಿದೆ. ನೀವು ಎದ್ದು ನಿಲ್ಲುವಾಗ ನಾನೂ ನಿಮ್ಮ ಸಾಲಿನಲ್ಲಿ ನಿಂತಿರುತ್ತೇನೆ.

ನಮಸ್ಕಾರ.